ಹಳೆಯ ಫೈಬರ್‌ಗ್ಲಾಸ್ ದೋಣಿಯ ಪಾಲನೆ ಮತ್ತು ದುರಸ್ತಿ

ಭೀಮಾಶಂಕರದ ಬೆಟ್ಟಗಳಲ್ಲಿ ಹುಟ್ಟುವ ಭೀಮಾ ನದಿಯು ಪಂಢರಪುರವನ್ನು ಹಾದು, ವಿಜಯಪುರ, ಕಲಬುರಗಿ ಮತ್ತು ಯಾದಗಿರಿ ಜಿಲ್ಲೆಗಳಲ್ಲಿ ಹರಿದು, ರಾಯಚೂರು ಸೀಮೆಯಲ್ಲಿ ಕೃಷ್ಣೆಯನ್ನು ಸೇರುತ್ತದೆ. ಈ ನದಿಗೆ ಸೊಲ್ಲಾಪುರ ಜಿಲ್ಲೆಯ ಉಜನಿಯಲ್ಲಿ ಕಟ್ಟಲಾದ ಅಣೆಕಟ್ಟು 1980ರಲ್ಲಿ ಪೂರ್ಣಗೊಂಡಿತು. ಸುಮಾರು 117 ಟಿ.ಎಂ.ಸಿ. ನೀರು ಹಿಡಿಯುವ ಈ ಜಲಾಶಯದ ಹಿನ್ನೀರು ಪುಣೆ ಜಿಲ್ಲೆಯ ಇಂದಾಪುರ ತಾಲ್ಲೂಕಿನ ಅಂಚಿನುದ್ದಕ್ಕೂ ಹರಡಿಕೊಂಡಿದೆ. ಅಣೆಕಟ್ಟು ಬರುವ ಮೊದಲು ನಡೆದು ಅಥವಾ ಗಾಡಿಯಲ್ಲಿ ಹೋಗಬಹುದಾಗಿದ್ದ ನೆರೆಯ ಊರುಗಳ ನಡುವೆ ಇಂದು ಅಗಲವಾದ ನೀರು ನಿಂತಿದೆ. ಮೀನುಗಾರಿಕೆ, ದಡದಿಂದ ದಡಕ್ಕೆ ಜನಸಂಚಾರ, ಚಳಿಗಾಲದಲ್ಲಿ ಭಿಗವಣ ಮತ್ತು ಕುಂಭಾರಗಾಂವ್‌ಗಳಿಗೆ ರಾಜಹಂಸಗಳನ್ನು ನೋಡಲು ಬರುವವರ ವಿಹಾರ, ಇವೆಲ್ಲವೂ ದೋಣಿಯನ್ನೇ ಅವಲಂಬಿಸಿವೆ.

ಮರದ ಮತ್ತು ತಗಡಿನ ದೋಣಿಗಳ ಜೊತೆಗೆ ಫೈಬರ್‌ಗ್ಲಾಸ್ ದೋಣಿಗಳು ದೇಶದ ಒಳನಾಡಿನ ನೀರುಗಳಲ್ಲೆಲ್ಲ ಬಳಕೆಗೆ ಬಂದಿವೆ. ಕರ್ನಾಟಕದ ಜಲಾಶಯಗಳಲ್ಲಿ ಬಿದಿರು ಮತ್ತು ಚರ್ಮದ ಹರಿಗೋಲಿನ ಸ್ಥಾನವನ್ನು ಹಲವೆಡೆ ಫೈಬರ್‌ಗ್ಲಾಸ್ ಹರಿಗೋಲು ತೆಗೆದುಕೊಂಡಿದೆ. ಹಗುರ, ಹುಳು ಹಿಡಿಯದು, ತುಕ್ಕು ಹಿಡಿಯದು ಎಂಬ ಕಾರಣಗಳಿಂದ ಜನರು ಇದನ್ನು ಮೆಚ್ಚಿದ್ದಾರೆ. ಆದರೆ ಈ ಗುಣಗಳಿಂದಲೇ ‘ಫೈಬರ್ ದೋಣಿಗೆ ಯಾವ ಪಾಲನೆಯೂ ಬೇಡ’ ಎಂಬ ತಪ್ಪು ಕಲ್ಪನೆಯೂ ಬೆಳೆದಿದೆ. ಮರ ಕೊಳೆತರೆ ಕಣ್ಣಿಗೆ ಕಾಣುತ್ತದೆ. ಕಬ್ಬಿಣ ತುಕ್ಕು ಹಿಡಿದರೆ ಬಣ್ಣವೇ ಹೇಳುತ್ತದೆ. ಫೈಬರ್‌ಗ್ಲಾಸ್ ಮಾತ್ರ ಹೊರಗೆ ಹೊಳೆಯುತ್ತಲೇ ಒಳಗೆ ದುರ್ಬಲವಾಗಬಲ್ಲದು.

ಹಳೆಯದೆಂಬ ಕಾರಣಕ್ಕೇ ಇಂತಹ ದೋಣಿಯನ್ನು ತಳ್ಳಿಹಾಕಬೇಕಾಗಿಯೂ ಇಲ್ಲ. ಭಾರತೀಯ ಸೇನೆಯ ಇಂಜಿನಿಯರುಗಳ ದಳದ ತಂಡವು 1985ರಿಂದ 1987ರವರೆಗೆ ‘ತೃಷ್ಣಾ’ ಎಂಬ 37 ಅಡಿ ಉದ್ದದ ಹಾಯಿದೋಣಿಯಲ್ಲಿ ಭೂಪ್ರದಕ್ಷಿಣೆ ಮಾಡಿ ಮುಂಬಯಿಗೆ ಮರಳಿತು. ಆ ಫೈಬರ್‌ಗ್ಲಾಸ್ ದೋಣಿಯು ಹೊಸದಾಗಿ ಕಟ್ಟಿಸಿದ್ದಲ್ಲ, ವಿದೇಶದಲ್ಲಿ ಮೊದಲೇ ಬಳಕೆಯಲ್ಲಿದ್ದು ಕೊಂಡು ತಂದದ್ದು. ದೋಣಿಯ ವಯಸ್ಸಿಗಿಂತ ಅದನ್ನು ನೋಡಿಕೊಂಡ ಬಗೆಯೇ ಮುಖ್ಯ.

ದೋಣಿಯ ಒಡಲಿನ ರಚನೆ

ಗಾಜನ್ನು ಕರಗಿಸಿ ಕೂದಲಿಗಿಂತ ತೆಳ್ಳಗೆ ಎಳೆದ ಎಳೆಗಳನ್ನು ಚಾಪೆಯಂತೆ ಒತ್ತಿ ಅಥವಾ ಬಟ್ಟೆಯಂತೆ ನೇಯ್ದು, ಅವನ್ನು ಪಾಲಿಯೆಸ್ಟರ್ ರಾಳದಲ್ಲಿ ನೆನೆಸಿ, ಅಚ್ಚಿನೊಳಗೆ ಪದರ ಪದರವಾಗಿ ಕೂರಿಸಿದಾಗ ಒಡಲು ಸಿದ್ಧವಾಗುತ್ತದೆ. ಬಲವೆಲ್ಲ ಗಾಜಿನದು, ರಾಳದ ಕೆಲಸವೆಂದರೆ ಎಳೆಗಳನ್ನು ಒಂದಕ್ಕೊಂದು ಹಿಡಿದಿಡುವುದು. ಎಲ್ಲಕ್ಕೂ ಹೊರಗೆ ಸುಮಾರು ಅರ್ಧ ಮಿಲಿಮೀಟರ್ ದಪ್ಪದ ಬಣ್ಣದ ರಾಳದ ಪದರವಿರುತ್ತದೆ. ಇದಕ್ಕೆ ಜೆಲ್‌ಕೋಟ್ ಎಂದು ಹೆಸರು. ಬಿಸಿಲು ಮತ್ತು ನೀರನ್ನು ತಡೆಯುವ ಚರ್ಮ ಇದೇ. ಇದು ಸವೆದರೆ ಅಥವಾ ಬಿರುಕು ಬಿಟ್ಟರೆ ಒಳಗಿನ ಪದರಗಳಿಗೆ ರಕ್ಷಣೆ ತಪ್ಪುತ್ತದೆ.

ಇಂದಾಪುರದಂತಹ ಬಯಲುಸೀಮೆಯಲ್ಲಿ ಬೇಸಿಗೆಯ ಉಷ್ಣತೆಯು 40 ಡಿಗ್ರಿ ಸೆಲ್ಸಿಯಸ್ಸನ್ನು ಮುಟ್ಟುತ್ತದೆ. ನೆರಳಿಲ್ಲದ ದಡದಲ್ಲಿ ಬಿದ್ದಿರುವ ದೋಣಿಯ ಜೆಲ್‌ಕೋಟ್ ಮಂಕಾಗಿ, ಕೈಯಿಂದ ಒರೆಸಿದರೆ ಸುಣ್ಣದಂತಹ ಪುಡಿ ಅಂಟತೊಡಗುತ್ತದೆ. ಈ ಹಂತದಲ್ಲಿ ಉಜ್ಜಿ, ಮೇಣದ ಲೇಪ ಕೊಟ್ಟರೆ ಸಾಕು. ದೋಣಿಯನ್ನು ಬೋರಲು ಹಾಕಿ ಮೇಲೊಂದು ಚಪ್ಪರ ಅಥವಾ ಗೋಣಿಯ ಹೊದಿಕೆ ಮಾಡುವುದು ಎಲ್ಲ ಲೇಪಗಳಿಗಿಂತ ಅಗ್ಗ, ಹೆಚ್ಚು ಪರಿಣಾಮಕಾರಿಯೂ ಹೌದು.

ಸಿಹಿನೀರಿನ ಗುಳ್ಳೆಗಳು

ಸಮುದ್ರದ ಉಪ್ಪುನೀರು ದೋಣಿಗೆ ಕೆಟ್ಟದ್ದು, ಕೆರೆಯ ಸಿಹಿನೀರು ಸೌಮ್ಯ ಎಂಬುದು ಸಾಮಾನ್ಯ ನಂಬಿಕೆ. ಕಬ್ಬಿಣದ ಮಟ್ಟಿಗೆ ಅದು ನಿಜ. ಫೈಬರ್‌ಗ್ಲಾಸಿನ ಮಟ್ಟಿಗೆ ಸಂಗತಿ ತಲೆಕೆಳಗು. ಜೆಲ್‌ಕೋಟ್ ಪೂರ್ಣ ಜಲನಿರೋಧಕವಲ್ಲ; ನೀರಿನ ಕಣಗಳು ಅದರ ಮೂಲಕ ಅತಿ ನಿಧಾನವಾಗಿ ಒಳಗೆ ಹೋಗುತ್ತವೆ. ಒಳಗಿರುವ ಸಣ್ಣ ಪೊಳ್ಳುಗಳಲ್ಲಿ ರಾಳದ ಶೇಷ ವಸ್ತುಗಳು ಆ ನೀರಿನಲ್ಲಿ ಕರಗಿ ಗಾಢವಾದ ದ್ರವವಾಗುತ್ತದೆ. ತೆಳು ದ್ರವದಿಂದ ಗಾಢ ದ್ರವದ ಕಡೆಗೆ ನೀರು ಸೆಳೆಯಲ್ಪಡುವುದು ಪ್ರಕೃತಿನಿಯಮ. ಒಣದ್ರಾಕ್ಷಿಯನ್ನು ನೀರಿನಲ್ಲಿ ಹಾಕಿದರೆ ಉಬ್ಬುವುದೂ ಇದರಿಂದಲೇ. ಹೊರಗಿನ ನೀರಿನಲ್ಲಿ ಉಪ್ಪು ಕಡಿಮೆಯಿದ್ದಷ್ಟೂ ಈ ಸೆಳೆತ ಹೆಚ್ಚು. ಆದ್ದರಿಂದ ವರ್ಷವಿಡೀ ಸಿಹಿನೀರಿನಲ್ಲೇ ತೇಲುವ ದೋಣಿಗಳ ತಳದಲ್ಲಿ ಗುಳ್ಳೆಗಳು ಏಳುವ ಸಂಭವ ಅಧಿಕ.

ಇಂತಹ ಗುಳ್ಳೆಯನ್ನು ಚುಚ್ಚಿದರೆ ಹುಳಿವಾಸನೆಯ ದ್ರವ ಒತ್ತಡದಿಂದ ಚಿಮ್ಮುತ್ತದೆ. ಕಣ್ಣಿಗೆ ಕನ್ನಡಕ ಹಾಕದೆ ಈ ಕೆಲಸಕ್ಕೆ ಕೈಹಾಕಬಾರದು. ಬೆರಳೆಣಿಕೆಯ ಗುಳ್ಳೆಗಳಿದ್ದರೆ ಗಾಬರಿಪಡುವ ಅಗತ್ಯವಿಲ್ಲ. ಒಂದೊಂದನ್ನೂ ಗಟ್ಟಿಯಾದ ಪದರ ಸಿಗುವವರೆಗೆ ಉಜ್ಜಿ ತೆರೆದು, ಶುದ್ಧ ನೀರಿನಿಂದ ಹಲವು ಸಲ ತೊಳೆದು, ಪೂರ್ತಿ ಒಣಗಿಸಿ, ಎಪಾಕ್ಸಿ ರಾಳದ ಲೇಪವನ್ನೂ ಅದರ ಮೇಲೆ ಎಪಾಕ್ಸಿಯಿಂದಲೇ ಕಲಸಿದ ಮೆತ್ತೆಯನ್ನೂ ತುಂಬಬೇಕು. ಒಣಗಿಸುವುದರಲ್ಲಿ ಅವಸರ ಮಾಡಿದವರೇ ಹೆಚ್ಚಾಗಿ ಸೋಲುವುದು. ಒಣಗಿತೇ ಎಂದು ತಿಳಿಯಲು ಒಂದು ಸುಲಭ ವಿಧಾನವಿದೆ: ಒಂದಡಿ ಚೌಕದ ತೆಳು ಪಾಲಿಥಿನ್ ಹಾಳೆಯನ್ನು ಒಡಲಿಗೆ ನಾಲ್ಕೂ ಅಂಚು ಮುಚ್ಚುವಂತೆ ಅಂಟುಪಟ್ಟಿಯಿಂದ ಅಂಟಿಸಿ ಒಂದೆರಡು ದಿನ ಬಿಡಬೇಕು. ಹಾಳೆಯ ಒಳಮೈಯಲ್ಲಿ ಬೆವರು ಕಂಡರೆ ಇನ್ನೂ ಕಾಯಬೇಕು. ಹಲವು ವಾರಗಳೇ ಹಿಡಿದರೂ ಆಶ್ಚರ್ಯವಿಲ್ಲ.

ಈ ದೃಷ್ಟಿಯಿಂದ ಇಂದಾಪುರದ ಋತುಕ್ರಮವು ದೋಣಿಯವರಿಗೆ ಅನುಕೂಲವಾಗಿದೆ. ಚಳಿಗಾಲ ಮುಗಿದ ಮೇಲೆ ಜಲಾಶಯದ ಮಟ್ಟ ಇಳಿಯುತ್ತ ಹೋಗುತ್ತದೆ. ಬರದ ವರ್ಷಗಳಲ್ಲಿ ಪಳಸದೇವದ ಬಳಿ ಮುಳುಗಿರುವ ಹಳೆಯ ಶಿವಾಲಯವು ನೀರಿನಿಂದ ಹೊರಬರುವಷ್ಟು ನೀರು ಇಳಿಯುವುದುಂಟು. ಗಾಳಿ ಒಣದಾಗಿರುವ ಮಾರ್ಚ್‌ನಿಂದ ಮೇ ವರೆಗಿನ ಅವಧಿಯೇ ದುರಸ್ತಿಯ ಕಾಲ. ಅದೇ ಇಳಿದ ನೀರಿನಲ್ಲಿ ಬಂಡೆ, ಹಳೆಯ ಗೋಡೆ ಮತ್ತು ಮರದ ಬೊಡ್ಡೆಗಳು ಮೇಲ್ಮೈಗೆ ಹತ್ತಿರವಾಗಿ ದೋಣಿಯ ತಳವನ್ನು ಸೀಳುವುದೂ ಉಂಟು.

ತಪಾಸಣೆ

ತಪಾಸಣೆಗೆ ಬೇಕಾದ ಮುಖ್ಯ ಉಪಕರಣ ಒಂದು ದಪ್ಪ ನಾಣ್ಯ. ತೊಳೆದು ಒಣಗಿಸಿದ ಒಡಲನ್ನು ಅಂಗೈ ಅಗಲದ ಅಂತರದಲ್ಲಿ ನಾಣ್ಯದಿಂದ ತಟ್ಟುತ್ತ ಹೋಗಬೇಕು. ಗಟ್ಟಿಯಾದ ಕಡೆ ಟಣ್ ಎಂಬ ಸ್ಪಷ್ಟ ಸದ್ದು ಬರುತ್ತದೆ. ಪದರಗಳು ಒಂದರಿಂದೊಂದು ಬಿಟ್ಟುಕೊಂಡ ಕಡೆ ಸದ್ದು ಮಂದವಾಗುತ್ತದೆ. ಅಂತಹ ಜಾಗಕ್ಕೆ ಸೀಮೆಸುಣ್ಣದಿಂದ ಗುರುತು ಹಾಕಬೇಕು. ಒಂದು ಬಿಂದುವಿನಿಂದ ನಕ್ಷತ್ರದಂತೆ ಹರಡಿದ ಬಿರುಕುಗಳು ಪೆಟ್ಟು ಬಿದ್ದುದರ ಗುರುತು; ಸಮಾಂತರವಾದ ಬಿರುಕುಗಳು ಆ ಭಾಗ ಮತ್ತೆ ಮತ್ತೆ ಬಾಗುತ್ತಿದೆ ಎನ್ನುವುದರ ಗುರುತು. ಎರಡನೆಯದಕ್ಕೆ ಮೇಲೆ ಮೆತ್ತೆ ಬಳಿದರೆ ಪ್ರಯೋಜನವಿಲ್ಲ. ಒಳಗಿನಿಂದ ಪಟ್ಟಿ ಕೊಟ್ಟು ಬಿಗಿಗೊಳಿಸಬೇಕು.

ಮೋಟರು ಕೂರುವ ಹಿಂಬದಿಯ ಹಲಗೆಯನ್ನು ವಿಶೇಷವಾಗಿ ಪರೀಕ್ಷಿಸಬೇಕು. ಬಹುತೇಕ ದೋಣಿಗಳಲ್ಲಿ ಇದರ ಒಳಗೆ ಪ್ಲೈವುಡ್ ಇರುತ್ತದೆ. ಬೋಲ್ಟಿನ ತೂತುಗಳಿಂದ ಇಳಿದ ನೀರು ಈ ಪ್ಲೈವುಡ್ಡನ್ನು ಕೊಳೆಸುತ್ತದೆ. ಮೋಟರನ್ನು ಹಿಂದಕ್ಕೂ ಮುಂದಕ್ಕೂ ಅಲುಗಿಸಿದಾಗ ಹಲಗೆ ಬಾಗಿದರೆ, ಅಥವಾ ಒಳಬದಿಯಿಂದ ತಳದ ಹತ್ತಿರ ಸಣ್ಣ ರಂಧ್ರ ಕೊರೆದಾಗ ಕಪ್ಪು ಒದ್ದೆ ಪುಡಿ ಬಂದರೆ, ಒಳಮರವನ್ನು ತೆಗೆದು ಬದಲಾಯಿಸದೆ ಗತ್ಯಂತರವಿಲ್ಲ.

ಹಾಯಿ ಇರುವ ದೋಣಿಗಳಲ್ಲಿ ಇನ್ನೂ ಕೆಲವು ಸ್ಥಳಗಳನ್ನು ನೋಡಬೇಕು. ಕೂವೆಯ ಬುಡ ಕುಸಿದಿದೆಯೇ, ಕೂವೆಯನ್ನು ಎಳೆದು ಹಿಡಿದ ತಂತಿಗಳು ಒಡಲಿಗೆ ಸೇರುವ ಲೋಹದ ಪಟ್ಟಿಗಳ ಸುತ್ತ ನೀರು ಇಳಿದಿದೆಯೇ, ಚುಕ್ಕಾಣಿಯ ಒಳಗಿನ ನೊರೆ ನೀರು ಕುಡಿದು ಭಾರವಾಗಿದೆಯೇ ಎಂಬುದನ್ನು ಗಮನಿಸಬೇಕು. ತುಕ್ಕು ಹಿಡಿಯದ ಉಕ್ಕೂ ಗಾಳಿಯಾಡದ ಒದ್ದೆ ಜಾಗದಲ್ಲಿ ಸವೆಯುತ್ತದೆ.

ತೂತಾದ ಒಡಲಿನ ದುರಸ್ತಿ

ತೂತಿನ ಮೇಲೆ ರಾಳದಲ್ಲಿ ಅದ್ದಿದ ಚಾಪೆಯ ತುಂಡನ್ನು ಅಂಟಿಸಿಬಿಡುವುದು ಎಲ್ಲೆಡೆ ಕಾಣುವ ರೂಢಿ. ಇಂತಹ ತೇಪೆ ಒಂದು ಹಂಗಾಮು ಬಾಳುವುದೂ ಕಷ್ಟ. ಹೊಸ ರಾಳವು ಹಳೆಯದರೊಂದಿಗೆ ರಾಸಾಯನಿಕವಾಗಿ ಒಂದಾಗುವುದಿಲ್ಲ. ಅಂಟಿನಂತೆ ಹಿಡಿದುಕೊಳ್ಳುತ್ತದೆ ಅಷ್ಟೆ. ಆದ್ದರಿಂದ ಹಿಡಿತಕ್ಕೆ ವಿಸ್ತಾರವಾದ, ಒರಟಾದ, ಶುದ್ಧವಾದ ಮೇಲ್ಮೈ ಬೇಕು.

ಮೊದಲು ಒಡೆದ ಭಾಗವನ್ನೆಲ್ಲ ಗಟ್ಟಿ ಅಂಚು ಸಿಗುವವರೆಗೆ ಕತ್ತರಿಸಿ ತೆಗೆಯಬೇಕು. ಉಜ್ಜುವ ಮೊದಲೇ ಮೇಣ ಮತ್ತು ಎಣ್ಣೆಯನ್ನು ದ್ರಾವಕದಿಂದ ಒರೆಸಬೇಕು, ಇಲ್ಲದಿದ್ದರೆ ಉಜ್ಜಿದಂತೆಲ್ಲ ಮೇಣ ಒಳಕ್ಕೆ ಇಳಿಯುತ್ತದೆ. ಅನಂತರ ತೂತಿನ ಸುತ್ತ ಒಡಲಿನ ದಪ್ಪದ 12 ಪಟ್ಟು ಅಗಲಕ್ಕೆ ಇಳಿಜಾರಾಗಿ ಉಜ್ಜಬೇಕು. ಒಡಲು 5 ಮಿಲಿಮೀಟರ್ ದಪ್ಪವಿದ್ದರೆ ಇಳಿಜಾರು ಸುತ್ತಲೂ 6 ಸೆಂಟಿಮೀಟರ್ ಆಗುತ್ತದೆ. ಅಂದರೆ 10 ಸೆಂಟಿಮೀಟರ್ ಅಗಲದ ತೂತಿಗೆ 22 ಸೆಂಟಿಮೀಟರ್ ಅಗಲದ ತೇಪೆ. ಇಷ್ಟು ಗಟ್ಟಿ ಭಾಗವನ್ನು ಉಜ್ಜಿ ಹಾಕಲು ಮನಸ್ಸು ಹಿಂಜರಿಯುವುದು ಸಹಜ. ಆದರೆ ದುರಸ್ತಿಯ ಬಲವೆಲ್ಲ ಈ ಇಳಿಜಾರಿನಲ್ಲಿಯೇ ಇದೆ.

ಇನ್ನೊಂದು ಬದಿಯಿಂದ ಮೇಣ ಸವರಿದ ತೆಳು ಹಲಗೆಯನ್ನು ಆನಿಸಿ, ಚಾಪೆಯ ತುಂಡುಗಳನ್ನು ಕ್ರಮವಾಗಿ ಕೂರಿಸಬೇಕು. ಚದರ ಮೀಟರಿಗೆ 450 ಗ್ರಾಂ ತೂಗುವ ಚಾಪೆಯ ಒಂದು ಪದರ ಸುಮಾರು 1 ಮಿಲಿಮೀಟರ್ ದಪ್ಪ ಕೊಡುತ್ತದೆ. ಆದ್ದರಿಂದ ಮೇಲಿನ ಉದಾಹರಣೆಯಲ್ಲಿ ಐದು ಪದರಗಳು ಬೇಕು. ದೊಡ್ಡ ತುಂಡನ್ನು ಮೊದಲು, ಚಿಕ್ಕದನ್ನು ಕೊನೆಗೆ ಹಾಕುವುದು ಉತ್ತಮ. ಇದು ವಿಚಿತ್ರವೆನಿಸಿದರೂ, ಕೊನೆಗೆ ಮೇಲ್ಮೈಯನ್ನು ಉಜ್ಜಿ ಸಮ ಮಾಡುವಾಗ ಮುಖ್ಯವಾದ ದೊಡ್ಡ ಪದರ ಕತ್ತರಿಸಿಹೋಗದೆ ಉಳಿಯುತ್ತದೆ. ಚಾಪೆಯ ತೂಕದ ಎರಡರಿಂದ ಎರಡೂವರೆ ಪಟ್ಟು ರಾಳ ಸಾಕು. ಹೆಚ್ಚು ರಾಳ ಸುರಿದರೆ ತೇಪೆ ಪೆಡಸಾಗುತ್ತದೆ. ರೋಲರಿನಿಂದ ಒತ್ತಿ ಗಾಳಿಯನ್ನು ಹೊರಡಿಸಬೇಕು. ಬಿಳಿಯ ಮಚ್ಚೆ ಕಂಡಲ್ಲಿ ಗಾಳಿ ಉಳಿದಿದೆ ಎಂದು ತಿಳಿಯಬೇಕು. ಒಮ್ಮೆಗೆ ಎರಡು ಮೂರು ಪದರಗಳಿಗಿಂತ ಹೆಚ್ಚು ಹಾಕಿದರೆ ಒಳಗೆ ಶಾಖ ಹೆಚ್ಚಿ ರಾಳ ಬಿರಿಯುತ್ತದೆ.

ಪಾಲಿಯೆಸ್ಟರ್ ಅಗ್ಗ, ಎಪಾಕ್ಸಿ ದುಬಾರಿ. ಆದರೆ ಹಳೆಯ ಒಡಲಿಗೆ ಎಪಾಕ್ಸಿಯ ಹಿಡಿತವೇ ಹೆಚ್ಚು. ನೀರಿನ ಮಟ್ಟದ ಕೆಳಗಿನ ತೂತಿಗೆ ಎಪಾಕ್ಸಿಗೆ ಖರ್ಚು ಮಾಡುವುದು ಯೋಗ್ಯ. ಎಪಾಕ್ಸಿಯ ಮೇಲೆ ಪಾಲಿಯೆಸ್ಟರ್ ಜೆಲ್‌ಕೋಟ್ ಸರಿಯಾಗಿ ಹಿಡಿಯದಿರುವುದರಿಂದ, ತೊಳೆದು ಉಜ್ಜಿ ಬಣ್ಣ ಬಳಿಯಬೇಕು.

ಎಚ್ಚರಿಕೆಗಳು

ಪಾಲಿಯೆಸ್ಟರ್ ರಾಳವನ್ನು ಗಟ್ಟಿಗೊಳಿಸಲು ಕೋಬಾಲ್ಟ್ ವೇಗವರ್ಧಕ ಮತ್ತು ಪೆರಾಕ್ಸೈಡ್ ಎಂಬ ಎರಡು ದ್ರವಗಳು ಬೇಕು. ಇವೆರಡನ್ನು ನೇರವಾಗಿ ಒಂದಕ್ಕೊಂದು ಬೆರೆಸಿದರೆ ಉರಿದು ಸ್ಫೋಟಗೊಳ್ಳುತ್ತವೆ. ಮೊದಲು ವೇಗವರ್ಧಕವನ್ನು ರಾಳದಲ್ಲಿ ಪೂರ್ತಿ ಕಲಸಿ, ಆಮೇಲೆ ಬೇರೆ ಅಳತೆಯ ಪಾತ್ರೆಯಿಂದ ಪೆರಾಕ್ಸೈಡನ್ನು ಸೇರಿಸಬೇಕು. ಎರಡರ ಬಾಟಲಿಗಳನ್ನೂ ಒಂದೇ ಪೆಟ್ಟಿಗೆಯಲ್ಲಿ ಇಡಬಾರದು. ಪೆರಾಕ್ಸೈಡ್ ಕಣ್ಣಿಗೆ ಸಿಡಿದರೆ ದೃಷ್ಟಿಯೇ ಹೋಗಬಹುದು. ತಕ್ಷಣ ಬಹಳ ಹೊತ್ತು ನೀರಿನಿಂದ ತೊಳೆದು ವೈದ್ಯರಲ್ಲಿಗೆ ಹೋಗಬೇಕು.

ಪೆರಾಕ್ಸೈಡಿನ ಪ್ರಮಾಣ ರಾಳದ ಶೇಕಡಾ 1ರಿಂದ 2. ಬಿಸಿಲಿನಲ್ಲಿ ರಾಳ ಬೇಗ ಗಟ್ಟಿಯಾಗುತ್ತದೆಂದು ಶೇಕಡಾ 1ಕ್ಕಿಂತ ಕಡಿಮೆ ಹಾಕಿದರೆ ಅದು ಎಂದಿಗೂ ಪೂರ್ತಿ ಪಕ್ವವಾಗುವುದಿಲ್ಲ. ಬೆಳಗಿನ ತಂಪಿನಲ್ಲಿ, ನೆರಳಿನಲ್ಲಿ, ಸ್ವಲ್ಪಸ್ವಲ್ಪವಾಗಿ ಕಲಸಿ ಕೆಲಸ ಮಾಡುವುದೇ ಉಪಾಯ. ಉಜ್ಜುವಾಗ ಏಳುವ ಗಾಜಿನ ಧೂಳಿಗೆ ಮುಖವಾಡವೂ ತುಂಬುತೋಳಿನ ಬಟ್ಟೆಯೂ ಬೇಕು. ರಾಳದ ಆವಿ ತಲೆಸುತ್ತು ತರುತ್ತದೆ, ಬೆಂಕಿಯನ್ನೂ ಹಿಡಿಯುತ್ತದೆ. ಮುಚ್ಚಿದ ಕೋಣೆಯಲ್ಲಿ ಕೆಲಸ ಸಲ್ಲದು, ಬೀಡಿ ಸೇದುತ್ತ ಕೆಲಸವಂತೂ ಕೂಡದು.

ತೇಲುವ ಶಕ್ತಿ

ನೀರು ತುಂಬಿದ ಮರದ ದೋಣಿ ಸಾಮಾನ್ಯವಾಗಿ ತೇಲುತ್ತಲೇ ಇರುತ್ತದೆ. ಫೈಬರ್‌ಗ್ಲಾಸ್ ನೀರಿಗಿಂತ ಸುಮಾರು ಒಂದೂವರೆ ಪಟ್ಟು ಭಾರವಾದ ವಸ್ತು. ನೀರು ತುಂಬಿದರೆ ಮುಳುಗಿಯೇ ಹೋಗುತ್ತದೆ. ಅದನ್ನು ತಡೆಯುವುದಕ್ಕಾಗಿ ಆಸನಗಳ ಕೆಳಗೆ ಮುಚ್ಚಿದ ಗಾಳಿಕೋಣೆಗಳನ್ನೋ ನೊರೆಯ ತುಂಡುಗಳನ್ನೋ ಇಟ್ಟಿರುತ್ತಾರೆ. ಹಳೆಯ ದೋಣಿಯಲ್ಲಿ ಕೋಣೆಗಳು ಬಿರುಕು ಬಿಟ್ಟಿರುತ್ತವೆ, ನೊರೆ ನೀರು ಕುಡಿದಿರುತ್ತದೆ. ಕೆಲವೊಮ್ಮೆ ಸಾಮಾನಿಡಲು ಜಾಗ ಬೇಕೆಂದು ಅದನ್ನು ಕಿತ್ತು ಎಸೆದಿರುವುದೂ ಉಂಟು.

2024ರ ಮೇ 21ರಂದು ಕರಮಾಳಾ ತಾಲ್ಲೂಕಿನ ಕುಗಾಂವ್‌ನಿಂದ ಇಂದಾಪುರ ತಾಲ್ಲೂಕಿನ ಕಳಾಶಿಯತ್ತ ಬರುತ್ತಿದ್ದ ದೋಣಿಯೊಂದು ಬಿರುಗಾಳಿಗೆ ಸಿಕ್ಕಿ ಉಜನಿಯ ಹಿನ್ನೀರಿನಲ್ಲಿ ಮಗುಚಿತು. ಒಬ್ಬರು ಈಜಿ ದಡ ಸೇರಿದರು. ಆರು ಮಂದಿ ಪ್ರಾಣ ಕಳೆದುಕೊಂಡರು. ಮುಂಗಾರಿಗೆ ಮುಂಚಿನ ಸಂಜೆಗಳಲ್ಲಿ ಇಂತಹ ಗಾಳಿ ಈ ಪ್ರದೇಶಕ್ಕೆ ಹೊಸದಲ್ಲ. ಗಾಳಿಯನ್ನು ಯಾವ ದುರಸ್ತಿಯೂ ತಡೆಯಲಾರದು. ಆದರೆ ಮಗುಚಿದ ಮೇಲೂ ತೇಲುವ ದೋಣಿ ಹಿಡಿದುಕೊಳ್ಳಲು ಆಸರೆಯಾಗುತ್ತದೆ, ಮೈಮೇಲಿನ ಜೀವರಕ್ಷಕ ಅಂಗಿ ನೆರವು ಬರುವವರೆಗೆ ಕಾಯಿಸುತ್ತದೆ.

ಆದುದರಿಂದ ದುರಸ್ತಿಯ ಲೆಕ್ಕದಲ್ಲಿ ಬಣ್ಣಕ್ಕಿಂತ ಮೊದಲು ತೇಲುವ ನೊರೆಗೆ ಹಣ ತೆಗೆದಿಡಬೇಕು. ಒಂದು ಲೀಟರ್ ಗಾತ್ರದ ಮುಚ್ಚಿದ ರಂಧ್ರಗಳ ನೊರೆಯು ಹೆಚ್ಚುಕಡಿಮೆ ಒಂದು ಕಿಲೋಗ್ರಾಂ ಭಾರವನ್ನು ಹೊರುತ್ತದೆ. ಥರ್ಮಾಕೋಲ್ ಅಗ್ಗವೆಂದು ಹಾಕುವವರು ಒಂದು ಸಂಗತಿಯನ್ನು ತಿಳಿದಿರಬೇಕು: ಪಾಲಿಯೆಸ್ಟರ್ ರಾಳವೂ ಪೆಟ್ರೋಲೂ ಅದನ್ನು ಕರಗಿಸಿಬಿಡುತ್ತವೆ. ಬಳಸುವುದೇ ಆದರೆ ದಪ್ಪ ಪಾಲಿಥಿನ್‌ನಲ್ಲಿ ಸುತ್ತಿ, ಇಂಧನದಿಂದ ದೂರದಲ್ಲಿ ಭದ್ರವಾಗಿ ಬಿಗಿಯಬೇಕು. ಸಡಿಲವಾದ ನೊರೆ ದೋಣಿಯಿಂದ ತೇಲಿ ಹೋಗುತ್ತದೆಯೇ ಹೊರತು ದೋಣಿಯನ್ನು ತೇಲಿಸುವುದಿಲ್ಲ.

ಕೆಲಸ ಮುಗಿದು ರಾಳ ಒಂದು ವಾರ ಪಕ್ವವಾದ ಮೇಲೆ, ಎದೆಮಟ್ಟದ ನೀರಿನಲ್ಲಿ, ಮೋಟರನ್ನು ಬಿಚ್ಚಿಟ್ಟು ಅದರ ತೂಕದ ಕಲ್ಲನ್ನು ಅದೇ ಜಾಗದಲ್ಲಿ ಕಟ್ಟಿ, ದೋಣಿಯಲ್ಲಿ ಬೇಕೆಂದೇ ಅಂಚಿನವರೆಗೆ ನೀರು ತುಂಬಬೇಕು. ಅಂಚು ನೀರಿನ ಮೇಲೆಯೇ ಸಮನಾಗಿ ನಿಂತರೆ ಮೊದಲು ಇಬ್ಬರು, ಅನಂತರ ನಾಲ್ವರು ಅದನ್ನು ಹಿಡಿದು ಜೋತು ನೋಡಬೇಕು. ಒಂದು ಬದಿಗೆ ವಾಲಿದರೆ ಆ ಬದಿಗೆ ನೊರೆ ಸಾಲದು. ಅರ್ಧ ಗಂಟೆ ಹಾಗೆಯೇ ಬಿಟ್ಟು, ನೀರು ಎತ್ತಿ ಹಾಕಿ, ದಡಕ್ಕೆ ತಂದು, ಗಾಳಿಕೋಣೆಗಳ ಮುಚ್ಚಳ ತೆರೆದು ಒಳಗೆ ಕೈಯಾಡಿಸಬೇಕು. ಕೈ ಒಣಗಿದ್ದರೆ ದೋಣಿಯನ್ನು ಬಳಕೆಗೆ ಇಳಿಸಬಹುದು. ಒದ್ದೆಯಾದರೆ ಸೋರುವ ಜಾಗವನ್ನು ಹುಡುಕಿ ಇನ್ನೊಮ್ಮೆ ಒಣಗಿಸಲು ಇಡಬೇಕು.