ರೈತರ ಬಾನುಲಿ ನಗರದ ಪಾಲಾದ ಬಗೆ

ಅಮೆರಿಕದ ಷಿಕಾಗೋ ನಗರದ ಡಬ್ಲ್ಯೂಎಲ್‌ಎಸ್ ಬಾನುಲಿ ಕೇಂದ್ರದ ಚರಿತ್ರೆ ರೈತ ಬಾಂಧವರು ತಿಳಿಯತಕ್ಕದ್ದು. ಅಂಚೆಯ ಮೂಲಕ ಹಳ್ಳಿಗಳಿಗೆ ಸರಕು ಮಾರುತ್ತಿದ್ದ ಸಿಯರ್ಸ್ ರೋಬಕ್ ಕಂಪನಿಯು ಇದನ್ನು 1924ರ ಏಪ್ರಿಲ್‌ನಲ್ಲಿ ಆರಂಭಿಸಿತು. ಹವಾಮಾನ, ಪೇಟೆ ಧಾರಣೆ, ಬೇಸಾಯದ ಸಲಹೆಗಳು ಬಿತ್ತರವಾಗುತ್ತಿದ್ದವು. ಶನಿವಾರ ರಾತ್ರಿ ಹಳ್ಳಿ ಹಾಡುಗಳ 'ಬಾರ್ನ್ ಡ್ಯಾನ್ಸ್' ಕಾರ್ಯಕ್ರಮವಿತ್ತು. 1928ರಲ್ಲಿ 'ಪ್ರೇರಿ ಫಾರ್ಮರ್' ಎಂಬ ಕೃಷಿ ಪತ್ರಿಕೆಯೇ ಕೇಂದ್ರವನ್ನು ಕೊಂಡಿತು.

ಎಎಂ ಪ್ರಸಾರದ ಮಧ್ಯಮ ತರಂಗಗಳು ಹಗಲಿನಲ್ಲಿ ನೆಲವನ್ನು ಅನುಸರಿಸಿ ಸಾಗುತ್ತವೆ; ರಾತ್ರಿ ಮೇಲಿನ ವಾಯುಮಂಡಲದಿಂದ ಪ್ರತಿಫಲಿಸಿ ನೂರಾರು ಮೈಲಿ ತಲಪುತ್ತವೆ. ಆದುದರಿಂದ ದೂರದ ಒಕ್ಕಲು ಮನೆಗಳಿಗೂ ಈ ಕೇಂದ್ರ ಕೇಳಿಸುತ್ತಿತ್ತು.

ಮುಂದೆ ಒಡೆತನವು ಎಬಿಸಿ ಸಂಸ್ಥೆಗೆ ಹೋಯಿತು. 1960ರ ಮೇ 2ರಿಂದ ನಗರದ ಯುವಜನರಿಗಾಗಿ ರಾಕ್ ಸಂಗೀತ ಬಂದಿತು. 'ಬಾರ್ನ್ ಡ್ಯಾನ್ಸ್' ನಿಂತಿತು, ಹಳ್ಳಿಯ ವಿಷಯಗಳು ಹಿಂದೆ ಸರಿದವು. ಸಂಗೀತ ಕೇಳುವವರು ಎಫ್‌ಎಂ ಕಡೆಗೆ ಹೊರಳಿದ ಮೇಲೆ, 1989ರಲ್ಲಿ ಕೇಂದ್ರವು ಮಾತುಕತೆಯ ಕಾರ್ಯಕ್ರಮಗಳಿಗೆ ತಿರುಗಿತು.

ತರಂಗ ಬದಲಾಗಲಿಲ್ಲ, ಕೇಳುಗನೆಂದು ಎಣಿಸಲ್ಪಟ್ಟವನು ಬದಲಾದ. ನಮ್ಮ ರೈತರೂ ಇದನ್ನು ಗಮನಿಸಬೇಕು. ಆಕಾಶವಾಣಿಯ ಕೃಷಿ ಕಾರ್ಯಕ್ರಮ ಕೇಳಿ ಸುಮ್ಮನಿರಬಾರದು. ನಿಮ್ಮ ಊರು, ಬೆಳೆ, ಅನುಕೂಲವಾದ ವೇಳೆ, ಬೇಕಾದ ವಿಷಯ ಇವನ್ನು ಕೇಂದ್ರಕ್ಕೆ ಬರೆದು ತಿಳಿಸಿರಿ. ಕೇಳುವವರಿದ್ದಾರೆಂದು ತಿಳಿದರೆ ಮಾತ್ರ ಹೇಳುವವರು ಉಳಿಯುತ್ತಾರೆ.