ಚಂದ್ರಗಿರಿ ದಾರಿಯ ಬಸ್ಸು

ಮಕ್ಕಳು ಕೆಲಸಕ್ಕೆಂದು ಊರು ಬಿಟ್ಟ ಮೇಲೆ ನನಗೆ ಒಬ್ಬಳೇ ಕೋಟೆ ನೋಡಲು ಹೊರಡುವ ಚಟ ಹತ್ತಿತು. ಚಿತ್ರದುರ್ಗ, ಹಂಪಿ, ಗೋಲ್ಕೊಂಡ ಎಲ್ಲ ಆಯಿತು. ಕಾಸರಗೋಡಿನ ನನ್ನ ಮನೆಯಿಂದ ಹದಿನೈದು–ಹದಿನಾರು ಕಿಲೋಮೀಟರ್ ದೂರದ ಬೇಕಲವನ್ನು ಮಾತ್ರ ಶಾಲೆಯ ಪ್ರವಾಸದಲ್ಲಿ ನೋಡಿದ್ದೇ ಕೊನೆ. ಊರ ಸುತ್ತಿನ ಕೋಟೆಗಳಿಗೂ ಹೋಗಲು ಶುರುಮಾಡಿದ ಮೇಲೆ ಕಲಿತದ್ದು ಇಷ್ಟು.

1. ಬಸ್ಸು ಹತ್ತುವ ಮೊದಲು ದಾರಿ ಕೇಳಿ. ಕಾಸರಗೋಡಿನಿಂದ ಕಾಞಂಗಾಡಿಗೆ ಎರಡು ದಾರಿ. ಒಂದು ಚೆರ್ಕಳ, ಪೊಯಿನಾಚಿ, ಪೆರಿಯದ ಮೇಲೆ. ಇನ್ನೊಂದು ಚಂದ್ರಗಿರಿ ಸೇತುವೆ ದಾಟಿ ಕಡಲ ಬದಿಯಲ್ಲಿ. ಬೇಕಲ ಇರುವುದು ಎರಡನೆಯದರಲ್ಲಿ. ‘ಚಂದ್ರಗಿರಿ ವಳಿಯಾಣೋ?’ ಎಂದು ಕೇಳದೆ ಹತ್ತಿದ ನಾನು ನೇರ ಕಾಞಂಗಾಡಿನಲ್ಲಿ ಇಳಿದೆ. ಹಾಗಾಗಿ ಊರ ಸುತ್ತಿನ ಕೋಟೆಗಳಲ್ಲಿ ನನಗೆ ಮೊದಲು ಸಿಕ್ಕಿದ್ದು ಬೇಕಲವಲ್ಲ, ಕಾಞಂಗಾಡಿನಲ್ಲೇ ಇರುವ ಹೊಸದುರ್ಗ. ಇಕ್ಕೇರಿಯ ಸೋಮಶೇಖರ ನಾಯಕ ಕಟ್ಟಿಸಿದ್ದೆನ್ನುವ ಆ ಕೋಟೆಯಲ್ಲಿ ಉಳಿದಿರುವುದು ಕೆಲವು ಕೊತ್ತಳ, ಗೋಡೆಯ ತುಂಡು. ಆದರೆ ಪಟ್ಟಣವೆಲ್ಲ ಮಲಯಾಳವಾದರೂ ತಾಲೂಕಿನ ಹೆಸರು ಇಂದಿಗೂ ಅಚ್ಚುಕಟ್ಟಾಗಿ ಹೊಸದುರ್ಗವೇ!

2. ಮುರಕಲ್ಲು ಕಾಯುವ ಮೊದಲು ಹೋಗಿ. ಬೇಕಲದ ಕೋಟೆ ಸುಮಾರು 40 ಎಕರೆ, ನೆರಳು ಕಡಿಮೆ. ಕೊಡೆ ಮಳೆಗಾಲಕ್ಕೆ ಮಾತ್ರ ಎಂದುಕೊಳ್ಳಬೇಡಿ.

3. ಕಡಲಿಗೆ ಬೆನ್ನು ಹಾಕಿ ಗೋಡೆ ನೋಡಿ. ಬಂದವರೆಲ್ಲ ಕಡಲಿನ ಕಡೆಯ ಕೊತ್ತಳಕ್ಕೆ ಓಡುತ್ತಾರೆ. 1995ರ ‘ಬಾಂಬೆ’ ಚಿತ್ರದ ಹಾಡು ಅಲ್ಲೇ ಚಿತ್ರೀಕರಣವಾದದ್ದು ತಾನೆ. ನನಗೆ ಹೊತ್ತು ಹೋದದ್ದು ಗೋಡೆಯ ಕಿಂಡಿಗಳ ಮುಂದೆ. ಮೇಲಿನ ಕಿಂಡಿಯ ಗುರಿ ದೂರಕ್ಕೆ, ಅದರ ಕೆಳಗಿನದು ಹತ್ತಿರಕ್ಕೆ, ತೀರ ಕೆಳಗಿನದು ಗೋಡೆಯ ಬುಡಕ್ಕೇ ಬಂದವನಿಗೆ. ಒಂದೊಂದಕ್ಕೂ ಕಣ್ಣಿಟ್ಟರೆ ಶತ್ರು ಹೆಜ್ಜೆ ಹೆಜ್ಜೆಯಾಗಿ ಹತ್ತಿರ ಬರುವುದು ಕಂಡ ಹಾಗಾಗುತ್ತದೆ. ನಡುವಿನ ಕಾವಲು ಬುರುಜಿಗೆ ಮೆಟ್ಟಿಲಲ್ಲ, ಅಗಲವಾದ ಇಳಿಜಾರು. ತೋಪು ಎಳೆಯಲು ಇರಬೇಕೆಂದು ನನ್ನ ಊಹೆ. ಜೊತೆಗಾರರಿದ್ದರೆ ‘ಬಾ ಮಾರಾಯ್ತಿ, ಹಸಿವಾಗ್ತದೆ’ ಎಂದು ಎಳೆದೊಯ್ಯುತ್ತಿದ್ದರು.

4. ‘ಟಿಪ್ಪುವಿನ ಕೋಟೆ’ ಎಂದವರ ಜೊತೆ ಜಗಳಕ್ಕಿಳಿಯಬೇಡಿ, ಹೌದೆನ್ನಲೂ ಬೇಡಿ. ಕಟ್ಟಿಸಿದವನು ಕೆಳದಿಯ ಶಿವಪ್ಪ ನಾಯಕ, ಸುಮಾರು 1650ರಲ್ಲಿ ಎನ್ನುವುದು ರೂಢಿಯ ಮಾತು. 1763ರಲ್ಲಿ ಕೆಳದಿ ನಾಯಕರ ರಾಜಧಾನಿ ಬಿದನೂರು ಹೈದರನ ಕೈಸೇರಿತು. ಟಿಪ್ಪುವಿಗೆ ಬೇಕಲ ದಂಡಿನ ಠಾಣೆಯಾಯಿತು. 1799ರ ನಂತರ ಈಸ್ಟ್ ಇಂಡಿಯಾ ಕಂಪೆನಿಗೆ. ಬಾಗಿಲಲ್ಲಿ ಮುಖ್ಯಪ್ರಾಣನ ಗುಡಿ, ಹತ್ತಿರದಲ್ಲೇ ಮಸೀದಿ. ಕೋಟೆ ಕಾಯಲು ನಾಯಕರ ಕಾಲದಲ್ಲಿ ಬಂದ ಕೋಟೆಗಾರರ, ಅಂದರೆ ರಾಮಕ್ಷತ್ರಿಯರ, ಮನೆಗಳು ಬೇಕಲ, ಹೊಸದುರ್ಗದ ಸುತ್ತ ಈಗಲೂ ಇವೆ. ಕಲ್ಲು ನೋಡಿ ಮುಗಿದ ಮೇಲೆ ಅಂಥ ಮನೆಯ ಜಗಲಿಯಲ್ಲಿ ಕನ್ನಡ ಕೇಳಿ. ಪುರಾತತ್ತ್ವ ಇಲಾಖೆಯ ಫಲಕದಲ್ಲಿ ಅದು ಸಿಗದು.

5. ಮಳೆಯ ಆಟಿ ತಿಂಗಳಲ್ಲಿ ಸಣ್ಣ ಕೋಟೆಗೆ ಒಬ್ಬರೇ ಹೋಗುವುದಾದರೆ ಮನೆಯಲ್ಲಿ ಹೇಳಿ ಹೋಗಿ. ನಾನು ಹೇಳಿರಲಿಲ್ಲ. ಚಂದ್ರಗಿರಿ ಹೊಳೆಯ ದಕ್ಷಿಣ ದಡದ ಕೋಟೆ. ಮೇಲೆ ಸೊಂಟದವರೆಗೆ ಹುಲ್ಲು, ಕಲ್ಲಿನ ಮೇಲೆ ಹಾವಸೆ. ಜಾರಿ ಕಾಲು ಉಳುಕಿತು. ಫೋನು ಮಳೆಯಲ್ಲಿ ನೆಂದು ಸತ್ತಿತ್ತು. ಅರ್ಧ ಗಂಟೆ ಕಳೆದ ಮೇಲೆ ಆಡು ಹುಡುಕಿಕೊಂಡು ಬಂದ ಹಿರಿಯ ಹೆಂಗಸೊಬ್ಬರು ಕಂಡು, ‘ಒಟ್ಟಕ್ಕಾಣೋ?’ ಎಂದರು. ಹೌದು, ಒಬ್ಬಳೇ, ಹೊಳೆಯಾಚೆಯಿಂದ ಬಂದೆ ಎಂದೆ. ಅವರು ನಕ್ಕರು. ತಮ್ಮ ತರವಾಡಿನಲ್ಲಿ ಅಜ್ಜಿಯ ಕಾಲದವರೆಗೆ ಹೆಂಗಸರು ಈ ಹೊಳೆ ದಾಟುವಂತಿರಲಿಲ್ಲವಂತೆ. ನಾಯರ್ ಮನೆಗಳ ಕಟ್ಟುಪಾಡು ಅದು. ಹೇಳುತ್ತಲೇ ನನ್ನ ಕೈಯನ್ನು ಹೆಗಲಿಗೆ ಹಾಕಿಕೊಂಡು, ಆಡನ್ನು ಬೈಯುತ್ತಾ, ರಸ್ತೆಯವರೆಗೆ ಇಳಿಸಿದರು. ಸೇತುವೆ ದಾಟುವ ಬಸ್ಸಿಗೆ ಅವರೇ ಕೈ ತೋರಿಸಿದರು.