ತುಂಡು ಅರಿವೆಗಳಿಂದ ಕೌದಿ

ಮನೆಯ ಹಳೇ ಸೀರೆ, ಧೋತರ, ಕುಪ್ಪಸಗಳು ಹರಿದಾಗ ಅವು ಚಿಂದಿಯೆಂದು ಎಣಿಸಲ್ಪಡುತ್ತವೆ. ಕೌದಿ ಹೊಲಿಯಬಲ್ಲವಳು ಹಾಗೆ ಎಣಿಸುವದಿಲ್ಲ. ಕೊಗನೊಳ್ಳಿಯಿಂದ ಕಾಗಲದ ವರೆಗೆ ಕನ್ನಡವೂ ಮರಾಠಿಯೂ ಕೂಡಿ ನಡೆಯುವ ಈ ಸೀಮೆಯಲ್ಲಿ ನಾವು ಕೌದಿ ಅನ್ನುವದನ್ನೇ ನೆರೆಯವರು ಗೋಧಡಿ, ವಾಕಳ ಅನ್ನುತ್ತಾರೆ. ಹೆಸರು ಬೇರೆಯಾದರೂ ಕೆಲಸವು ಒಂದೇ. ಅದರಲ್ಲಿ ಕಲಿಯತಕ್ಕದ್ದೇನೆಂದು ವಿಚಾರಿಸೋಣ.

1. ಆರಿಸುವದು. ಪ್ರತಿಯೊಂದು ಅರಿವೆಯನ್ನು ಬೆಳಕಿಗೆ ಹಿಡಿದು ನೋಡಿ, ಮೆಲ್ಲಗೆ ಎಳೆದು ಪರೀಕ್ಷಿಸಬೇಕು. ಗಟ್ಟಿಯಾದದ್ದು ಮೇಲಕ್ಕೂ ಕೆಳಕ್ಕೂ, ಸವೆದದ್ದು ನಡುವಿಗೆ. ಯಾಕಂದರೆ ಪದರುಗಳ ನಡುವೆ ನಿಂತ ಗಾಳಿಯೇ ಮೈಯ ಕಾವನ್ನು ಹೊರಗೆ ಬಿಡದೆ ತಡೆಯುತ್ತದೆ. ಪದರು ಹೆಚ್ಚಿದಷ್ಟು ಬೆಚ್ಚಗಾಗುವದು. ಆದದರಿಂದ ಎಳೆತವನ್ನು ತಾಳಲಾರದ ಅರಿವೆಯೂ ವ್ಯರ್ಥವಲ್ಲ. ಅದಕ್ಕೆ ತಕ್ಕ ಸ್ಥಳವನ್ನು ಕೊಡುವದೇ ಜಾಣತನ.

2. ತೊಳೆಯುವದು. ದರ್ಜಿಯ ಅಂಗಡಿಯಿಂದ ತಂದ ಹೊಸ ಹತ್ತಿಯ ತುಂಡುಗಳನ್ನು ನೆನೆಸಿ ಒಣಗಿಸದೆ ಹಚ್ಚಬಾರದು. ನೇಯುವಾಗ ನೂಲು ಬಿಗಿಯಾಗಿ ಎಳೆಯಲ್ಪಟ್ಟಿರುತ್ತದೆ. ನೀರು ತಗಲಿದಾಗ ಅದು ಕುಗ್ಗುತ್ತದೆ. ಹಳೇ ಅರಿವೆಯು ಕುಗ್ಗಿ ಮುಗಿದಿರುವದರಿಂದ ಹೊಸದರ ಎಳೆತಕ್ಕೆ ಹರಿಯುತ್ತದೆ. ಮಾರ್ಕ 2:21 ರಲ್ಲಿ ಕರ್ತನು ಹೇಳಿದ ಸಾಮ್ಯವು ಈ ಅನುಭವದ ಮೇಲೆಯೇ ನಿಂತಿದೆ. ಬಣ್ಣ ಬಿಡುವ ಅರಿವೆಗಳನ್ನು ಬೇರೆಯಾಗಿ ತೊಳೆಯಬೇಕು. ಪಾಲಿಯೆಸ್ಟರ್ ಸೀರೆಯು ಬೆವರನ್ನು ಹೀರದು. ಆದದರಿಂದ ಮೈಗೆ ತಗಲುವ ಬದಿಗೆ ಹತ್ತಿಯೇ ಇರಲಿ.

3. ಹೊಲಿಯುವದು. ಗಟ್ಟಿಯಾದ ಸೀರೆಯನ್ನು ನೆಲದ ಮೇಲೆ ಹಾಸಿ, ಮೂಲೆಗಳಿಗೆ ಭಾರವಿಟ್ಟು, ಪದರುಗಳನ್ನು ನಿರಿಗೆಯಿಲ್ಲದಂತೆ ಹರಡಿ, ಮೊದಲು ಕಚ್ಚಾ ಹೊಲಿಗೆ ಹಾಕಬೇಕು. ಅನಂತರ ಬೆರಳಗಲದ ಸಾಲುಗಳಲ್ಲಿ ಸಣ್ಣ ಹೊಲಿಗೆಯನ್ನು ನಡಿಸಬೇಕು. ಈ ಕೆಲಸದಲ್ಲಿ ಉತ್ತರ ಕನ್ನಡ ಜಿಲ್ಲೆಯ ಹಳಿಯಾಳ, ಯಲ್ಲಾಪುರ, ಮುಂಡಗೋಡ ಸೀಮೆಗಳ ಸಿದ್ದಿ ಹೆಂಗಸರು ಹೆಸರಾಗಿದ್ದಾರೆ. ಅವರ ಪೂರ್ವಿಕರು ಆಫ್ರಿಕಾ ಖಂಡದವರು. ಅವರು ಮೂಲೆಯಿಂದ ಆರಂಭಿಸಿ, ಅಂಚಿನ ಗುಂಟ ಸುತ್ತುತ್ತಾ ನಡುವಿಗೆ ಬರುತ್ತಾರೆ. ಮೂಲೆಗಳಿಗೆ ಅರಿವೆಯನ್ನು ಮಡಚಿ ಫೂಲ ಎಂಬ ಹೂವನ್ನು ಹಚ್ಚುತ್ತಾರೆ. ಸಿದ್ದಿಗಳಲ್ಲಿ ಹಿಂದುಗಳೂ ಮುಸಲ್ಮಾನರೂ ಕ್ರೈಸ್ತರೂ ಇದ್ದಾರೆ. ಕೌದಿಯ ಹೊಲಿಗೆ ಮಾತ್ರ ಎಲ್ಲರಿಗೂ ಸೇರಿದ್ದು.

4. ಕೂಲಿ ಕೊಡುವದು. ಊರೂರು ತಿರುಗಿ ಕೌದಿ ಹೊಲಿದು ಹೊಟ್ಟೆ ಹೊರೆಯುವ ಹೆಂಗಸರೂ ಉಂಟು. ಮನೆಯವರು ಅವರಿಗೆ, ಅರಿವೆ ನಮ್ಮದು, ಅದೂ ಚಿಂದಿ, ಇಷ್ಟು ಯಾಕೆ ಕೊಡಬೇಕು ಎಂದು ಚೌಕಾಶಿ ಮಾಡುವದುಂಟು. ಇದು ನ್ಯಾಯವಲ್ಲ. ಚಿಂದಿಗೆ ಬೆಲೆಯಿಲ್ಲದಿದ್ದರೆ, ಸಿದ್ಧವಾದ ಕೌದಿಯ ಬೆಲೆಯೆಲ್ಲಾ ಆಕೆಯ ಕಣ್ಣಿನದು, ಬೆರಳಿನದು, ಬಗ್ಗಿದ ಬೆನ್ನಿನದು. ಅಂಗಡಿಯ ಅಗ್ಗದ ಕಂಬಳಿಯನ್ನು ತೋರಿಸಿ ಆಕೆಯ ಕೂಲಿಯನ್ನು ಇಳಿಸತಕ್ಕದ್ದಲ್ಲ. ಸವೆದ ಅರಿವೆಗೆ ಸ್ಥಳ ಹುಡುಕುವ ನಾವು, ಅದನ್ನು ಹೊಲಿದವಳನ್ನು ಚಿಂದಿಯಂತೆ ಎಣಿಸಿದರೆ ಪಾಠವನ್ನು ಕಲಿತವರಾಗುವದು ಹೇಗೆ?

ಮನೆಯಲ್ಲಿ ವಿಚಾರಿಸತಕ್ಕ ಪ್ರಶ್ನೆಗಳು:
1. ಸವೆದ ಅರಿವೆಯನ್ನು ನಡುವಿಗೆ ಇಡುವದು ಯಾಕೆ?
2. ನೆನೆಸದ ಹೊಸ ತುಂಡು ಹಳೇದನ್ನು ಹರಿಯುವದು ಹೇಗೆ?
3. ಕೌದಿ ಹೊಲಿದವಳಿಗೆ ಕಳೆದ ಸಾರೆ ನಮ್ಮ ಮನೆಯಿಂದ ಎಷ್ಟು ಕೂಲಿ ಕೊಟ್ಟೆವು? ಆಕೆ ಎಷ್ಟು ದಿನ ಕೂತು ಹೊಲಿದಳು?